ಮಗನಿಗೆ ‘ಸುಯೋಧನ’ ಎಂದು ಹೆಸರಿಡಬಹುದೇ?

ಪರ

ಧಾರಾಳವಾಗಿ ಇಡಬಹುದು. ಸುಯೋಧನ ಅಂದರೆ ದುರ್ಯೋಧನನೇ. ಅರ್ಜುನ, ಅಭಿಮನ್ಯು ಬೀದಿಗೊಬ್ಬರು ಸಿಗುತ್ತಾರೆ. ಕರ್ಣನಿಗೂ ಈಗ ಬರವಿಲ್ಲ. ಆದರೆ ಆ ಕರ್ಣನನ್ನು ಕರೆದು ಅಂಗರಾಜ್ಯ ಕೊಟ್ಟವನ ಹೆಸರು ಹೇಳಿದರೆ ಮಾತ್ರ ಮುಖ ಸಿಂಡರಿಸುತ್ತೇವೆ.

ನಮ್ಮ ಹಳೆಯ ಕವಿಗಳಿಗೆ ಈ ಮಡಿ ಇರಲಿಲ್ಲ. ಪಂಪ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಾಗಿಸಿ 941ರಲ್ಲಿ ‘ಪಂಪಭಾರತ’ ಕಾವ್ಯ ಬರೆದ. ಆದರೂ ಮಹಾಭಾರತಕ್ಕೆ ಹಿರಿಮೆ ತಂದವರನ್ನು ಎಣಿಸುವಾಗ ಮೊದಲ ಹೆಸರು ‘ಛಲದೊಳ್ ದುರ್ಯೋಧನಂ’. ಅವನ ಹೆಂಡತಿ ಭಾನುಮತಿ ಕರ್ಣನ ಜತೆ ನೆತ್ತ (ಪಗಡೆ) ಆಡಿ ಸೋಲುತ್ತಾಳೆ. ಪಣ ಕೊಡು ಎಂದು ಕರ್ಣ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದೆ. ಅದನ್ನು ನೋಡಿದ ಗಂಡ ಏನಂದ? ಮುತ್ತು ಆಯ್ದುಕೊಡಲೇ ಅಂದ. ಅಷ್ಟೇ!

ರನ್ನನ ಗದಾಯುದ್ಧಕ್ಕೆ ನಾಯಕ ಭೀಮ. ಮನಸ್ಸಲ್ಲಿ ಉಳಿಯುವವನು ಸುಯೋಧನ. ಹೆಣಗಳ ನಡುವೆ ನಡೆಯುತ್ತಾ ಅಭಿಮನ್ಯುವಿನ ಎದುರು ನಿಂತು, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಎನ್ನುತ್ತಾನೆ. ಶತ್ರುವಿನ ಮಗನಿಗೆ ಈ ಮಾತು. ಭಾಸನ ಸಂಸ್ಕೃತ ನಾಟಕ ಊರುಭಂಗದಲ್ಲಿ ತೊಡೆ ಮುರಿದು ಬಿದ್ದಿರುವಾಗಲೂ ಸೇಡು ಬೇಡ ಎಂದು ಅಶ್ವತ್ಥಾಮನನ್ನು ತಡೆಯುತ್ತಾನೆ.

ದ್ರೌಪದಿಯ ವಿಷಯ ಎತ್ತುತ್ತೀರಿ, ಗೊತ್ತು. ಹೆಂಡತಿಯನ್ನೇ ಪಣಕ್ಕಿಟ್ಟ ಯುಧಿಷ್ಠಿರನ ಹೆಸರಿಗೆ ಯಾರದ್ದೂ ತಕರಾರಿಲ್ಲ, ಅಲ್ವಾ?

ವಿರೋಧ

ಈ ಕಡೆಗೆ ಬೇರೆ ಯಾರೂ ಸಿಗಲಿಲ್ಲವಂತೆ, ನನ್ನ ಪಾಲಿಗೆ ಬಂತು. ರನ್ನ ನನಗೂ ಇಷ್ಟವೇ. ಆದರೆ ಹಾಜರಿ ಕರೆಯುವ ಮೇಷ್ಟ್ರು ಊರುಭಂಗ ಓದಿರುವುದಿಲ್ಲ. ಛಲವೊಂದೇ ಸಾಕು ಅನ್ನುವುದಾದರೆ ಕೀಚಕನಿಗೂ ಇತ್ತಲ್ಲ, ನಾಳೆ ಅವನನ್ನೂ ತೊಟ್ಟಿಲಿಗೆ ಹಾಕೋಣವೇ?

ನನ್ನ ಜತೆ ಓದಿದವನೊಬ್ಬನಿಗೆ ಇದೇ ಹೆಸರಿತ್ತು. ಅಪ್ಪನಿಗೆ ಹಳಗನ್ನಡದ ಹುಚ್ಚು. ಹುಡುಗ ಬಲು ಸಾಧು, ಪೆನ್ಸಿಲ್ ಕಳೆದರೂ ಅಳುತ್ತಿದ್ದ. ವಾರ್ಷಿಕೋತ್ಸವಕ್ಕೆ ಮಹಾಭಾರತದ ನಾಟಕ. ಅವನಿಗೆ ಕೃಷ್ಣ ಆಗಬೇಕಿತ್ತು. ಪಾಪ, ಮನೆಯಿಂದ ಕೊಳಲು ಕೂಡ ತಂದಿದ್ದ. ಸಿಕ್ಕಿದ್ದು ಕಾಡಿಗೆಯ ಹುರಿಮೀಸೆ. ಭೀಮ ರಟ್ಟಿನ ಗದೆಯಲ್ಲಿ ತೊಡೆಗೆ ಬಾರಿಸಿದಾಗ ಮಕ್ಕಳೆಲ್ಲ ಶಿಳ್ಳೆ ಹಾಕಿದರು. ಮಾರನೇ ದಿನ ಆಟದ ಬಿಡುವಿನಲ್ಲೂ ಅದೇ ಆಟ, ಈ ಸಲ ಗದೆ ರಟ್ಟಿನದ್ದಲ್ಲ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಹೊತ್ತಿಗೆ ಅವನು ಸುಹಾಸ್ ಆಗಿದ್ದ.

ಕಾವ್ಯದ ಮೇಲೆ ಅಷ್ಟು ಪ್ರೀತಿಯಿದ್ದರೆ ಅಪ್ಪಂದಿರು ಅಫಿಡವಿಟ್ ಮಾಡಿಸಿ ತಮ್ಮ ಹೆಸರನ್ನೇ ಬದಲಿಸಿಕೊಳ್ಳಲಿ.