ಕೆಲಸವಿಲ್ಲದ ಪಿನ್ನು

ಸ್ಕಾಟ್ಲೆಂಡಿನ ಗಂಡಸು ಕಿಲ್ಟ್ ಎಂಬ ನೆರಿಗೆಯ ಲಂಗ ಉಟ್ಟು ಎದುರು ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಬಟ್ಟೆಯ ಚೌಕುಳಿಗೆ. ಆಮೇಲೆ ಸೊಂಟದಿಂದ ಮುಂದಕ್ಕೆ ತೂಗುವ ಸ್ಪೋರನ್ ಎಂಬ ಚೀಲಕ್ಕೆ. ಆಮೇಲೆ ಕಾಲುಚೀಲದಲ್ಲಿ ಸಿಕ್ಕಿಸಿಕೊಂಡ ಪುಟ್ಟ ಚೂರಿಗೆ. ಅಷ್ಟು ಹೊತ್ತಿಗೆ ಆತ ದಾಟಿ ಹೋಗಿರುತ್ತಾನೆ. ಕಿಲ್ಟಿನ ಬಲಗಡೆ ಕೆಳಮೂಲೆಯಲ್ಲಿ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಒಂದು ಪಿನ್ನು ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಎಡಿನ್‌ಬರೋಗೆ ಬಂದ ಮೇಲೆ ನನಗೆ ಅದನ್ನೇ ನೋಡುವ ಚಾಳಿ ಹತ್ತಿದೆ. ಮದುವೆ ಮನೆಯಲ್ಲಿ ಗಂಡಸರ ಮೊಣಕಾಲು ನೋಡುತ್ತಾ ನಿಲ್ಲುವುದು ಅಷ್ಟೇನೂ ಮರ್ಯಾದೆಯ ಕೆಲಸ ಅಲ್ಲ, ಗೊತ್ತು. ಆದರೆ ಆ ಪಿನ್ನಿನ ಬಗ್ಗೆ ಒಂದು ಮಾತು ಕೇಳಿ ನೋಡಿ. ಹವಾಮಾನ ಬಿಟ್ಟು ಬೇರೇನೂ ಮಾತಾಡದ ಮನುಷ್ಯ ಕೂಡ ಕುರ್ಚಿ ಎಳೆದುಕೊಂಡು ಕೂರುತ್ತಾನೆ.

ಪಿನ್ನು ಅಂದ ಮೇಲೆ ಏನನ್ನಾದರೂ ಹಿಡಿದಿಟ್ಟುಕೊಂಡಿರಬೇಕು ಅಲ್ವಾ? ಇದು ಏನನ್ನೂ ಹಿಡಿದಿಡುವುದಿಲ್ಲ. ಒಳ್ಳೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಬಟ್ಟೆ ಬೇಕು. ಅದರಲ್ಲಿ ಮುಕ್ಕಾಲು ಪಾಲು ಹಿಂದುಗಡೆಯ ನೆರಿಗೆಗೇ ಹೋಗುತ್ತದೆ. ಮುಂದುಗಡೆ ನೆರಿಗೆಯಿಲ್ಲದ ಎರಡು ಪದರ, ಒಂದರ ಮೇಲೊಂದು. ಸೊಂಟದ ಹತ್ತಿರದ ಚರ್ಮದ ಪಟ್ಟಿ, ಬಕಲ್ಲುಗಳೇ ಎಲ್ಲವನ್ನೂ ಹಿಡಿದಿರುತ್ತವೆ. ಪಿನ್ನನ್ನು ಚುಚ್ಚುವುದು ಮೇಲಿನ ಪದರಕ್ಕೆ ಮಾತ್ರ. ಒಳಗಿನದಕ್ಕೂ ಸೇರಿಸಿ ಚುಚ್ಚಿದರೆ ನಡೆಯುವಾಗ, ಕೂರುವಾಗ ಬಟ್ಟೆ ಜಗ್ಗುತ್ತದೆ, ಹರಿಯಲೂಬಹುದು.

ಇದನ್ನು ನಾನು ಕಣ್ಣಾರೆ ಕಂಡದ್ದು ಗೆಳತಿಯ ಮಗನ ಮದುವೆಯಲ್ಲಿ. ಹುಡುಗಿ ಗ್ಲಾಸ್ಗೋದವಳು. ಬೆಳಿಗ್ಗೆ ಧಾರೆ, ಊಟ ಆದ ಮೇಲೆ ಕಿಲ್ಟು. ಹುಡುಗನ ಅಜ್ಜಿ ಮೈಸೂರಿನಿಂದ ಬಂದಿದ್ದರು. ಮೊಮ್ಮಗನ ಸುತ್ತ ಒಂದು ಸುತ್ತು ಬಂದು, ಪಿನ್ನು ಹಿಡಿದು ನೋಡಿ, "ಇದೇನೋ ಇದು, ಮೇಲಿನ ಬಟ್ಟೆಗಷ್ಟೇ ಹಾಕಿದ್ದಾರೆ! ಗಾಳಿ ಬಂದ್ರೆ ಏನೋ ಗತಿ?" ಎಂದರು. ತಮ್ಮ ಬಳೆಯಲ್ಲಿ ತೂಗುತ್ತಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ, ಎರಡೂ ಪದರ ಸೇರಿಸಿ ಭದ್ರವಾಗಿ ಚುಚ್ಚಿಬಿಟ್ಟರು. ಮದುಮಗ ಕೂತ ತಕ್ಷಣ ಮುಂದಿನ ಬಟ್ಟೆ ಮುದುಡಿ ಗಂಟಾಯಿತು. ಹುಡುಗಿಯ ಸೋದರಮಾವ ಬಂದು, ಅಜ್ಜಿಗೆ ಕೈಮುಗಿದು, ಅದನ್ನು ಬಿಚ್ಚಿ ವಾಪಸ್ ಕೊಟ್ಟರು. ಅಜ್ಜಿ ಪಿನ್ನನ್ನು ಬಳೆಗೆ ಸೇರಿಸಿಕೊಳ್ಳುತ್ತಾ, "ಹಂಗಾದ್ರೆ ಇದು ಇರೋದಾದ್ರೂ ಯಾಕೆ?" ಎಂದು ಕೇಳಿದರು. ಅಷ್ಟು ಜನ ಸ್ಕಾಟಿಷರಿದ್ದ ಕೋಣೆಯಲ್ಲಿ ತಕ್ಷಣ ಉತ್ತರ ಹೇಳುವವರು ಯಾರೂ ಇರಲಿಲ್ಲ.

ಉತ್ತರಗಳೇನೋ ಇವೆ. ಪಿನ್ನಿನ ಭಾರಕ್ಕೆ ಬಟ್ಟೆ ಗಾಳಿಗೆ ಹಾರುವುದಿಲ್ಲ ಅನ್ನುವುದು ಒಂದು. ಎಡಿನ್‌ಬರೋದ ಗಾಳಿ ಕಂಡವರು ಇದನ್ನು ನಂಬುವುದಿಲ್ಲ. ಕೊಡೆಯನ್ನೇ ತಿರುಗಿಸಿ ಬಿಸಾಡುವ ಗಾಳಿಗೆ ಬೆರಳುದ್ದದ ಪಿನ್ನು ಯಾವ ಲೆಕ್ಕ? ಇನ್ನೊಂದು, ವಿಕ್ಟೋರಿಯಾ ರಾಣಿಯ ಕತೆ. ಗಾಳಿ ಬೀಸುತ್ತಿದ್ದ ದಿನ ಪೆರೇಡಿನಲ್ಲಿ ನಿಂತಿದ್ದ ಒಬ್ಬ ಸೈನಿಕನ ಕಿಲ್ಟು ಹಾರಿ ಹಾರಿ ಅವನಿಗೆ ನಾಚಿಕೆಯಾಗುತ್ತಿತ್ತಂತೆ. ರಾಣಿ ತಾನೇ ಹತ್ತಿರ ಹೋಗಿ, ತನ್ನ ಪಿನ್ನು ತೆಗೆದು ಅವನ ಕಿಲ್ಟಿಗೆ ಹಾಕಿದಳಂತೆ. ರಾಣಿಗೆ ಸ್ಕಾಟ್ಲೆಂಡ್ ಅಂದರೆ ಪ್ರಾಣವಾಗಿತ್ತು ಅನ್ನುವುದು ನಿಜ. ಮೊದಲ ಸಲ ಬಂದದ್ದು 1842ರಲ್ಲಿ. ಹತ್ತು ವರ್ಷದಲ್ಲಿ ಬಾಲ್ಮೋರಲ್ ಎಸ್ಟೇಟು ಅವಳ ಮನೆಯವರದೇ ಆಯಿತು. ಆದರೂ ಸಾಲಾಗಿ ನಿಂತ ದಂಡಿನ ಎದುರು ಚಕ್ರವರ್ತಿನಿ ಬಗ್ಗಿ ಸಿಪಾಯಿಯ ಮೊಣಕಾಲ ಹತ್ತಿರ ಪಿನ್ನು ಚುಚ್ಚಿದಳು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಕತೆ ಚೆನ್ನಾಗಿದೆ, ಇರಲಿ ಬಿಡಿ.

ನನಗೆ ಅನ್ನಿಸುವುದು ಬೇರೆ. ಕಿಲ್ಟಿನ ಉಡುಪಿನಲ್ಲಿ ಪಿನ್ನೊಂದೇ ಉಟ್ಟವನ ಸ್ವಂತ ಜಾಗ.

ಉಳಿದದ್ದಕ್ಕೆಲ್ಲ ಕಟ್ಟುಪಾಡು. ಯಾವ ಮನೆತನಕ್ಕೆ ಯಾವ ಚೌಕುಳಿ, ಹಗಲಿಗೆ ಯಾವ ಸ್ಪೋರನ್, ರಾತ್ರಿ ಊಟಕ್ಕೆ ಯಾವುದು, ಕಾಲುಚೀಲ ಎಲ್ಲಿಯವರೆಗೆ ಬರಬೇಕು, ಎಲ್ಲದಕ್ಕೂ ಒಬ್ಬ ಚಿಕ್ಕಪ್ಪ ತಕರಾರು ತೆಗೆಯಲು ಕಾದಿರುತ್ತಾನೆ. ಈ ಬಟ್ಟೆಯ ಮೇಲೆ ಕಾನೂನಿಗೂ ಮೊದಲಿನಿಂದ ಕಣ್ಣು. ದೊರೆಯ ವಿರುದ್ಧ ಎದ್ದ ಬಂಡಾಯ ಮುರಿದ ಮೇಲೆ 1746ರಲ್ಲಿ ಕಾನೂನು ಮಾಡಿ, ಹೈಲ್ಯಾಂಡಿನ, ಅಂದರೆ ಉತ್ತರದ ಗುಡ್ಡಗಾಡಿನ ಈ ಉಡುಪನ್ನು ಸ್ಕಾಟ್ಲೆಂಡಿನ ಗಂಡಸರು ತೊಡಬಾರದು ಎಂದರು. ಸರ್ಕಾರದ ದಂಡಿನಲ್ಲಿ ಸಿಪಾಯಿಯಾದರೆ ಮಾತ್ರ ತೊಡಬಹುದಿತ್ತು. ಆ ಕಾನೂನು ಹೋದದ್ದು 1782ರಲ್ಲಿ. ಅದಾಗಿ 40 ವರ್ಷಕ್ಕೆ ನಾಲ್ಕನೇ ಜಾರ್ಜ್ ದೊರೆಯೇ ಎಡಿನ್‌ಬರೋಗೆ ಬಂದು ಕಿಲ್ಟು ತೊಟ್ಟ. ಹೈಲ್ಯಾಂಡ್ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದವರೂ ಆಗ ದರ್ಜಿಯ ಮನೆಗೆ ಓಡಿದರು. ಈಗಂತೂ ಚೌಕುಳಿಗಳಿಗೆ ಸರ್ಕಾರದ್ದೇ ಒಂದು ದಾಖಲೆ ಪುಸ್ತಕವಿದೆ, 2009ರಿಂದ. ಪಿನ್ನಿಗೆ ಅಂಥದ್ದೇನೂ ಇಲ್ಲ. ಅಪ್ಪನದೋ, ಹೆಂಡತಿಯದೋ, ದಾರಿಯಲ್ಲಿ ಬಿದ್ದು ಸಿಕ್ಕಿದ್ದೋ, ಯಾರೂ ಕೇಳುವುದಿಲ್ಲ.

ಕಿಲ್ಟು ದುಬಾರಿ ಬಟ್ಟೆ. ಮದುವೆಗೆ ಬಂದ ಗಂಡಸರಲ್ಲಿ ಎಷ್ಟೋ ಜನ ಬಾಡಿಗೆಗೆ ತಂದದ್ದನ್ನೇ ಉಟ್ಟಿರುತ್ತಾರೆ. ಕೋಟು, ಸ್ಪೋರನ್, ಬೂಟು, ಎಲ್ಲ ಒಂದೇ ಚೀಲದಲ್ಲಿ ಬರುತ್ತದೆ. ಪಿನ್ನೂ ಬರುತ್ತದೆ, ಕತ್ತಿಯ ಆಕಾರದ್ದೋ, ಥಿಸಲ್ ಹೂವಿನದ್ದೋ. ತಿಳಿದವರು ಅದನ್ನು ಚೀಲದಲ್ಲೇ ಬಿಟ್ಟು ತಮ್ಮ ಜೇಬಿನಿಂದ ಒಂದನ್ನು ತೆಗೆದು ಹಾಕಿಕೊಳ್ಳುತ್ತಾರೆ. ಮೈಮೇಲಿನ ಅಷ್ಟೂ ಬಟ್ಟೆ ವಾಪಸ್ ಹೋಗುವಂಥದ್ದು, ಮನೆಗೆ ಬರುವುದು ಅದೊಂದೇ. ನಾನು ನೋಡುವುದು ಇಂಥವನ್ನೇ. ಮನೆತನದ ಲಾಂಛನವಿರುವ ಪಿನ್ನುಗಳು ನನಗೆ ಅಷ್ಟು ರುಚಿಸುವುದಿಲ್ಲ. ಅವು ಪ್ರವಾಸಿಗಳ ಅಂಗಡಿಯಲ್ಲಿ ಅಕ್ಷರಮಾಲೆಯಂತೆ ಸಾಲಾಗಿ ತೂಗುತ್ತಿರುತ್ತವೆ. ಜಿಂಕೆ ಕೊಂಬಿನ ತುಂಡು ಕೂರಿಸಿದ್ದು ಇಷ್ಟ. ಹಳೆಯ ಬೆಳ್ಳಿ ಚಮಚದ ಹಿಡಿಯಿಂದ ಮಾಡಿಸಿದ್ದು ಇನ್ನೂ ಇಷ್ಟ. ಬೆಳ್ಳಿಯದ್ದಾದರೆ ಹಿಂದುಗಡೆ ಭೂತಗನ್ನಡಿ ಹಿಡಿದು ನೋಡಬೇಕು. ಎಡಿನ್‌ಬರೋದಲ್ಲಿ ಪರೀಕ್ಷೆಯಾದ ಬೆಳ್ಳಿಗೆ ಮೂರು ಗೋಪುರದ ಕೋಟೆಯ ಮುದ್ರೆ ಬೀಳುತ್ತದೆ. ವರ್ಷ ತಿಳಿಸುವ ಅಕ್ಷರವೂ ಜೊತೆಗಿದ್ದರೆ, ಅಜ್ಜ ಮದುವೆಗೆ ಮಾಡಿಸಿದ್ದು ಎಂದು ಮನೆಯವರು ಹೇಳುವುದು ಎಷ್ಟು ನಿಜ ಅಂತ ಲೆಕ್ಕ ಹಾಕಿಬಿಡಬಹುದು. ಹಾಕದಿರುವುದೇ ಒಳ್ಳೆಯದು.

ನಮ್ಮ ಮೆಟ್ಟಿಲ ಕೆಳಗಿನ ಮನೆಯ ತಾತನ ಪಿನ್ನು ಮೊದಲು ಪಿನ್ನೇ ಆಗಿರಲಿಲ್ಲ. ಅದು ಅವರ ಹೆಂಡತಿಯ ಬ್ರೂಚು. ಕಿರೀಟ ಹೊತ್ತ ಪುಟ್ಟ ಹೃದಯ. ಈ ನಮೂನೆಗೆ ಲಕನ್‌ಬೂತ್ ಎಂದು ಹೆಸರು. ಎಡಿನ್‌ಬರೋದ ಹೈ ಸ್ಟ್ರೀಟಿನಲ್ಲಿ ಸೇಂಟ್ ಜೈಲ್ಸ್ ಚರ್ಚಿನ ಪಕ್ಕ ಹಿಂದೆ ಬೀಗ ಹಾಕುವ ಮಳಿಗೆಗಳ ಸಾಲೊಂದಿತ್ತು. ಅಲ್ಲಿ ಮಾರುತ್ತಿದ್ದುದರಿಂದ ಆ ಹೆಸರು ಬಂತು ಅನ್ನುತ್ತಾರೆ. ಮಳಿಗೆಗಳನ್ನು ಹತ್ತೊಂಬತ್ತನೇ ಶತಮಾನದ ಮೊದಲಲ್ಲೇ ಕೆಡವಿದರು, ಬ್ರೂಚು ಉಳಿಯಿತು. ಹುಡುಗ ಹುಡುಗಿಗೆ ಮದುವೆ ನಿಶ್ಚಯದ ಗುರುತಾಗಿ ಇದನ್ನು ಕೊಡುತ್ತಿದ್ದ. ಮಗು ಹುಟ್ಟಿದ ಮೇಲೆ ಅದೇ ಬ್ರೂಚನ್ನು ಮಗುವಿನ ಬಟ್ಟೆಗೆ ಸಿಕ್ಕಿಸುತ್ತಿದ್ದರು. ಕೆಟ್ಟ ಕಣ್ಣು, ಮಾಟಗಾತಿಯರ ಕಾಟ ತಟ್ಟದಿರಲಿ ಅಂತ. ಇದನ್ನು ಹೇಳುವಾಗ ತಾತ ಸ್ವಲ್ಪ ಸಂಕೋಚಪಟ್ಟರು, ನಾನು ನಗುತ್ತೇನೆ ಅಂದುಕೊಂಡಿರಬೇಕು. ನಮ್ಮಲ್ಲಿ ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡದೆ ಹೊಸ್ತಿಲು ದಾಟಿಸುವುದಿಲ್ಲ ಎಂದ ಮೇಲೆ ಅವರಿಗೆ ಧೈರ್ಯ ಬಂತು. ತಮ್ಮ ಮೂವರು ಮಕ್ಕಳಿಗೂ ಹಾಕಿದ್ದೆವು, ಆದರೂ ಮೂರನೆಯವನಿಗೆ ತಟ್ಟಿತು, ಅವನು ಲಂಡನ್ನಿಗೆ ಹೋಗಿ ಸೇರಿಕೊಂಡ ಎಂದರು.

ಹೆಂಡತಿ ತೀರಿಕೊಂಡ ಮೇಲೆ ಬ್ರೂಚು ಡ್ರಾಯರಿನಲ್ಲಿತ್ತು. ಗಂಡಸು ಬ್ರೂಚು ಹಾಕಿಕೊಂಡು ತಿರುಗುವ ಹಾಗಿಲ್ಲ. ಬೆಳ್ಳಿ ಕೆಲಸದವರ ಹತ್ತಿರ ಕೊಟ್ಟು ದಪ್ಪ ಪಿನ್ನಿನ ಮೇಲೆ ಬೆಸುಗೆ ಹಾಕಿಸಿದರು. ಈಗ ಅದು ಕಿಲ್ಟ್ ಪಿನ್ನು, ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಹೆಂಡತಿಯ ನೆನಪು ಅಂತ ಬಾಯಿಬಿಟ್ಟು ಹೇಳುವ ಜಾಯಮಾನ ಇವರದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರು ತಮ್ಮ ರೆಜಿಮೆಂಟಿನ ಚಿಹ್ನೆಯ ಪುಟ್ಟ ಬ್ರೂಚನ್ನು ಹೆಂಡತಿಗೋ ಪ್ರೇಯಸಿಗೋ ಕೊಟ್ಟು ಹೋಗುತ್ತಿದ್ದರು. ಅಂಥವೂ ಇನ್ನೂ ಮನೆಗಳಲ್ಲಿವೆ. ಹೆಂಗಸಿನ ಎದೆಯ ಮೇಲಿದ್ದದ್ದು ಮೊಮ್ಮಗನ ಮೊಣಕಾಲಿನ ಹತ್ತಿರಕ್ಕೆ ಇಳಿಯುವುದಕ್ಕೆ ಒಬ್ಬ ಬೆಸುಗೆಯವನು ಸಾಕು.

ನಮ್ಮ ಪಿನ್ನಿಗೆ ಇಂಥ ಭಾಗ್ಯ ಯಾಕಿಲ್ಲ ಅಂತ ಯೋಚಿಸುತ್ತೇನೆ. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದು, 400 ಡಾಲರಿಗೆ ಮಾರಿಕೊಂಡ. ಸಾಲ ತೀರಿಸಬೇಕಿತ್ತಂತೆ. ಆ ಪಿನ್ನು ನಮ್ಮ ಹೆಂಗಸರ ಕೈಗೆ ಬಂದು ದುಡಿದಷ್ಟು ಬೇರೆಲ್ಲಾದರೂ ದುಡಿದಿದೆಯೋ ಇಲ್ಲವೋ. ಸೆರಗಿಗೆ ಒಂದು, ನೆರಿಗೆಗೆ ಒಂದು, ಕಿತ್ತುಹೋದ ಹುಕ್ಕಿಗೆ ಒಂದು, ಲಾಡಿ ಪೋಣಿಸುವುದಕ್ಕೆ ಒಂದು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವುದಕ್ಕೆ ಇನ್ನೊಂದು. ಅಮ್ಮನ ಬಳೆ ನೆನಪಿದೆ, ಅದರಲ್ಲಿದ್ದ ಒಂದೊಂದು ಪಿನ್ನಿನ ನೆನಪು ಯಾರಿಗಿದೆ? ಕಳೆದರೆ ಡಜನ್ ಲೆಕ್ಕದಲ್ಲಿ ತರುತ್ತಿದ್ದರು. ಕೆಲಸ ಮಾಡುವ ವಸ್ತುವನ್ನು ಮುದ್ದು ಮಾಡುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಕಿಲ್ಟ್ ಪಿನ್ನು ಸುಮ್ನೆ ಕೂತಿರುತ್ತದೆ. ಅದಕ್ಕೇ ಇರಬೇಕು, ಎಲ್ಲರೂ ತಮ್ಮ ತಮ್ಮ ಸತ್ತವರನ್ನು ಅದರ ಮೇಲೆ ಕೂರಿಸುತ್ತಾರೆ.

ಕಳೆದುಹೋದರೆ ಏನು ಮಾಡುತ್ತೀರಿ ಎಂದು ತಾತನನ್ನು ಕೇಳಿದ್ದೆ. ಮೇಲಿನ ಪದರಕ್ಕಷ್ಟೇ ಚುಚ್ಚಿದ್ದು, ಕುಣಿತದ ನಡುವೆ ಎಲ್ಲಿಯಾದರೂ ತಗಲಿ ಬಿದ್ದರೆ ಗೊತ್ತೂ ಆಗುವುದಿಲ್ಲ. ಅವರು ಒಳಗೆ ಹೋಗಿ ಇನ್ನೊಂದು ಪಿನ್ನು ತಂದು ತೋರಿಸಿದರು. ರಾಯಲ್ ಮೈಲಿನ ಪ್ರವಾಸಿಗಳ ಅಂಗಡಿಯದ್ದು, ತಗಡಿನ ಕತ್ತಿ, ಹತ್ತು ಪೌಂಡಿನೊಳಗಿನ ಮಾಲು. ಮದುವೆಗೆ, ತಿಥಿಗೆ ಹೆಂಡತಿಯ ಪಿನ್ನು. ಮರೆಫೀಲ್ಡಿಗೆ ರಗ್ಬಿ ನೋಡಲು ಹೋಗುವಾಗ ಮಾತ್ರ ಇದು. ಅವಳಿಗೆ ರಗ್ಬಿ ಕಂಡರೆ ಆಗುತ್ತಿರಲಿಲ್ಲ ಎಂದರು.