ಬಾಟಲಿ ಕಣ್ಣೀರು ಒರೆಸುತ್ತಾ?

ಆಫೀಸಲ್ಲಿ ಪಕ್ಕದ ಸೀಟಿನ ಹುಡುಗಿಯ ನೀರಿನ ಬಾಟಲಿ ಸ್ವಲ್ಪ ಸರಿಸಿದೆ, ಅಷ್ಟೇ. ‘ಅಯ್ಯೋ ಸರ್, ಅದು ನನ್ನ ಎಮೋಷನಲ್ ಸಪೋರ್ಟ್ ಬಾಟಲ್!’ ಅಂದಳು. ಸ್ಟೀಲ್ ಬಾಟಲಿ, ಮಾರಾಯ್ರೆ!

ಇಂಗ್ಲಿಷಲ್ಲಿ ‘ಎಮೋಷನಲ್ ಸಪೋರ್ಟ್’ ಅನ್ನೋ ಮಾತಿನ ಅರ್ಥ ನೆಟ್ಟಗೇ ಇತ್ತು: ಕಷ್ಟದಲ್ಲಿರೋರ ಜೊತೆ ಕೂತು ಮಾತು ಕೇಳೋದು, ಧೈರ್ಯ ಹೇಳೋದು. ಆಮೇಲೆ ಅಮೆರಿಕದಲ್ಲಿ, ಮನಸ್ಸಿಗೆ ಸಮಾಧಾನ ಅಂತ ಜೊತೆಗಿಟ್ಟುಕೊಳ್ಳೋ ಪ್ರಾಣಿಗಳಿಗೂ ಅಂಟಿತು. ನಾಯಿ, ಬೆಕ್ಕು ಸರಿ. 2018ರಲ್ಲಿ ಒಬ್ಬರು ನವಿಲನ್ನೇ ವಿಮಾನ ಹತ್ತಿಸೋಕೆ ಹೋದರು! 2021ರಿಂದ ಅಲ್ಲಿನ ವಿಮಾನ ಕಂಪನಿಗಳು ಇಂಥ ಪ್ರಾಣಿಗಳನ್ನೂ ವಿಶೇಷ ಸವಲತ್ತಿಲ್ಲದ ಬರೀ ಸಾಕುಪ್ರಾಣಿ ಅಂತ ಎಣಿಸಬಹುದು ಅಂತಾಯ್ತು. ಬಾಟಲಿಗೆ ಯಾವ ನಿಯಮ? ಈಗ ಚಾರ್ಜರ್, ಸ್ವೆಟರ್, ಚಿಪ್ಸ್ ಪ್ಯಾಕೆಟ್ಟಿಗೂ ಅದೇ ಬಿರುದು.

ಮೊನ್ನೆ ಅಪ್ಪನನ್ನ ಕಳಕೊಂಡ ಗೆಳೆಯ ‘ಸ್ವಲ್ಪ ಎಮೋಷನಲ್ ಸಪೋರ್ಟ್ ಬೇಕಿತ್ತು ಕಣೋ’ ಅಂದಾಗ, ನನಗೆ ಮೊದಲು ನೆನಪಾಗಿದ್ದು ಆ ಹಾಳು ಬಾಟಲಿ.