ಒಂದೇ ವರ್ಷಕ್ಕೆ ಕಾಲೇಜು ಬಿಟ್ಟ ಹುಡುಗನ ಲೆಕ್ಕಾಚಾರ

ನಾವಿರುವ ನಾರ್ತ್ ಕೆರೊಲಿನಾದಲ್ಲಿ ಏಪ್ರಿಲ್ ಬಂತೆಂದರೆ ಎರಡು ಸಂಗತಿಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಂದು, ಪೈನ್ ಮರಗಳ ಹಳದಿ ಪರಾಗ. ಕಾರು, ಕಿಟಕಿ, ಅಂಗಳದ ಕುರ್ಚಿ ಎಲ್ಲಕ್ಕೂ ಅರಿಶಿನ ಬಳಿದಂತಾಗಿರುತ್ತದೆ. ಇನ್ನೊಂದು, ಇಲ್ಲಿನ ಬದ್ಧ ಎದುರಾಳಿ ವಿಶ್ವವಿದ್ಯಾಲಯಗಳಾದ ಡ್ಯೂಕ್ ಅಥವಾ ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ) ಬ್ಯಾಸ್ಕೆಟ್‌ಬಾಲ್ ತಂಡದ ಯಾವನೋ ಒಬ್ಬ ಹುಡುಗ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗುತ್ತಾನೋ, ಕಾಲೇಜಿನಲ್ಲೇ ಉಳಿಯುತ್ತಾನೋ ಎಂಬ ಚರ್ಚೆ. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತವರೂ ಇದರ ಬಗ್ಗೆ ತೀರ್ಪು ಕೊಡುತ್ತಾರೆ.

2025ರ ಏಪ್ರಿಲ್ 21ರಂದು ಡ್ಯೂಕ್‌ನ ಕೂಪರ್ ಫ್ಲ್ಯಾಗ್ ತಾನು ಡ್ರಾಫ್ಟ್‌ಗೆ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಗೆ, ಹೋಗುತ್ತೇನೆಂದು ಪ್ರಕಟಿಸಿದ. ಮೇಯ್ನ್ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನ ಹುಡುಗ. ಆಗ ಹದಿನೆಂಟು ವರ್ಷ. ಕಾಲೇಜಿನಲ್ಲಿ ಆಡಿದ್ದು ಒಂದೇ ಋತು, ಅಷ್ಟರಲ್ಲೇ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡಿದ್ದ. ಅಂದು ಸಂಜೆ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮರುಕದ ಮಹಾಪೂರ. "ಡಿಗ್ರಿ ಮುಗಿಸಿಕೊಂಡು ಹೋಗಿದ್ದರೆ ಗಂಟೇನು ಹೋಗುತ್ತಿತ್ತು?" "ದುಡ್ಡು ಎಲ್ಲಿ ಓಡಿಹೋಗುತ್ತದೆ?" "ಡ್ಯೂಕ್‌ನಂಥ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದೇ ಪುಣ್ಯ, ಅದನ್ನು ಒದ್ದು ಹೋದ." ಹೀಗೆ ಬರೆದವರಲ್ಲಿ ಅರ್ಧದಷ್ಟು ಜನ ಮಕ್ಕಳ ಕಾಲೇಜು ಪ್ರವೇಶಕ್ಕಾಗಿ ನಿದ್ದೆಗೆಟ್ಟವರು, ಹಾಗಾಗಿ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ವಾದ ಒಪ್ಪಿಗೆಯಾಗುವುದಿಲ್ಲ. ಗಂಟು ಹೋಗುತ್ತಿತ್ತು. ದೊಡ್ಡ ಗಂಟೇ ಹೋಗುತ್ತಿತ್ತು.

ಹಿರಿಯರೊಬ್ಬರು ಅನಿಲ್ ಕುಂಬ್ಳೆಯನ್ನು ಎಳೆದು ತಂದರು. 1990ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದ ಮೇಲೂ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಲಿಲ್ಲವೇ ಎಂದು. ಮುಗಿಸಿದರು, ನಮಗೆಲ್ಲ ಹೆಮ್ಮೆ. ಆದರೆ ಭಾರತ ತಂಡಕ್ಕೆ ಆಡಿದ ಕಾರಣಕ್ಕೆ ಅವರು ಕಾಲೇಜಿನ ಪರವಾಗಿ ಆಡಲು ಅನರ್ಹರು ಎಂದು ಯಾರೂ ಹೇಳಲಿಲ್ಲ, ಎರಡನ್ನೂ ಒಟ್ಟಿಗೆ ನಡೆಸಬಹುದಿತ್ತು. ಅಮೆರಿಕದಲ್ಲಿ ದಶಕಗಳ ಕಾಲ ಆ ಬಾಗಿಲು ಒಂದೇ ಕಡೆಗೆ ತೆರೆಯುತ್ತಿತ್ತು. ವೃತ್ತಿಪರನಾದೆಯೋ, ಕಾಲೇಜು ಆಟ ಮುಗಿಯಿತು. ಇನ್ನು ಫ್ಲ್ಯಾಗ್ ಓದಿದ ಆ ಒಂದು ವರ್ಷವೂ ವಿದ್ಯೆಯ ಮೇಲಿನ ಪ್ರೀತಿಯಿಂದ ಬಂದದ್ದಲ್ಲ. ಹೈಸ್ಕೂಲು ಮುಗಿದು ಒಂದು ವರ್ಷವಾಗಿರಬೇಕು, ಡ್ರಾಫ್ಟ್‌ನ ವರ್ಷದಲ್ಲಿ ಹತ್ತೊಂಬತ್ತು ತುಂಬುವಂತಿರಬೇಕು ಎಂಬುದು 2006ರ ಡ್ರಾಫ್ಟ್‌ನಿಂದ ಜಾರಿಗೆ ಬಂದ ಎನ್‌ಬಿಎ ನಿಯಮ. ಅದಿಲ್ಲದಿದ್ದರೆ ಅವನು ಡ್ಯೂಕ್‌ನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲವೇನೋ.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮವರು ಎಡವುವುದು ಇಲ್ಲೇ. "ಈ ವರ್ಷ ಬಿಟ್ಟರೆ ಮುಂದಿನ ವರ್ಷ ಅದೇ ಸಂಬಳ" ಎಂದುಕೊಳ್ಳುತ್ತಾರೆ. ಎನ್‌ಬಿಎಯಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನ ಸಂಬಳ ಅವನ ಕ್ರಮಾಂಕದ ಮೇಲೆ ಮೊದಲೇ ನಿಗದಿಯಾಗಿರುತ್ತದೆ. ಎಷ್ಟೇ ಚೆನ್ನಾಗಿ ಆಡಿದರೂ ನಾಲ್ಕು ವರ್ಷ ಆ ಕಟ್ಟಿನೊಳಗೇ ಇರಬೇಕು. ಫ್ಲ್ಯಾಗ್‌ಗೆ ನಾಲ್ಕು ವರ್ಷಕ್ಕೆ ಸುಮಾರು 6.27 ಕೋಟಿ ಡಾಲರ್, ಮೊದಲ ವರ್ಷಕ್ಕೆ 1.38 ಕೋಟಿಯ ಆಸುಪಾಸು. ನಮ್ಮ ಕಣ್ಣಿಗೆ ಇದು ಕುಬೇರನ ಸಂಬಳ, ಆದರೆ ಅವನ ಮಟ್ಟದ ಆಟಗಾರನಿಗೆ ಇದು ರಿಯಾಯಿತಿ ದರ. ನಿಜವಾದ ಹಣ ಎರಡನೆಯ ಒಪ್ಪಂದದಲ್ಲಿದೆ. ಆಗ ಆಟಗಾರರ ಒಟ್ಟು ಸಂಬಳಕ್ಕೆಂದು ಪ್ರತಿ ತಂಡಕ್ಕೆ ಲೀಗ್ ಹಾಕುವ ಮಿತಿಯ ಶೇಕಡಾ 25ರಷ್ಟನ್ನು ಒಬ್ಬನೇ ಕೇಳಬಹುದು. ಏಳು ವರ್ಷದ ಅನುಭವಕ್ಕೆ ಅದು ಶೇಕಡಾ 30, ಹತ್ತು ವರ್ಷಕ್ಕೆ ಶೇಕಡಾ 35. 2025-26ರ ಮಿತಿ 15.46 ಕೋಟಿ ಡಾಲರ್. ಅದರ ಕಾಲು ಭಾಗ ಎಷ್ಟಾಯಿತು ಎಂದು ನೀವೇ ನೋಡಿ.

ಅಂದರೆ ಕಾಲೇಜಿನಲ್ಲಿ ಒಂದು ವರ್ಷ ಹೆಚ್ಚು ಉಳಿದರೆ ಕಳೆದುಹೋಗುವುದು ಹತ್ತೊಂಬತ್ತನೆಯ ವಯಸ್ಸಿನ ಸಂಬಳವಲ್ಲ. ಮೆಟ್ಟಿಲುಗಳೆಲ್ಲ ಒಂದೊಂದು ವರ್ಷ ಮುಂದಕ್ಕೆ ಸರಿಯುತ್ತವೆ, ಮಂಡಿ ಮಾತ್ರ ಸರಿಯುವುದಿಲ್ಲ. ಮೂವತ್ತೈದಕ್ಕೆ ನಿಲ್ಲಬೇಕಾದ ದೇಹ ಮೂವತ್ತೈದಕ್ಕೇ ನಿಲ್ಲುತ್ತದೆ. ಕತ್ತರಿ ಬೀಳುವುದು ಅತಿ ಹೆಚ್ಚು ದುಡಿಯುವ ವರ್ಷಕ್ಕೆ.

ಈ ಗಡಿಯಾರ ಮೊದಲು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. 1994ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಗ್ಲೆನ್ ರಾಬಿನ್‌ಸನ್ ಹತ್ತು ವರ್ಷಕ್ಕೆ 6.8 ಕೋಟಿ ಡಾಲರಿನ ಒಪ್ಪಂದ ಪಡೆದ. ಮಾಲೀಕರು ಬೆಚ್ಚಿಬಿದ್ದರು. ಮರುವರ್ಷವೇ ಹೊಸಬರ ಸಂಬಳಕ್ಕೆ ಪಟ್ಟಿ ಬಂತು. ಹೊಸಬರ ಹಣ ಉಳಿಸಲು ಹೊರಟವರು, ಹೊಸಬರು ಇನ್ನೂ ಬೇಗ ಬರುವಂತೆ ಮಾಡಿದರು. ಮೊದಲ ಒಪ್ಪಂದ ಬೇಗ ಮುಗಿದಷ್ಟೂ ಲಾಭ ಎಂದಾದ ಮೇಲೆ ಯಾರು ತಾನೇ ಕಾಯುತ್ತಾರೆ? ಆಮೇಲೆ "ಈಗಿನ ಹುಡುಗರಿಗೆ ತಾಳ್ಮೆಯಿಲ್ಲ" ಎಂದು ಗೊಣಗಿದವರೂ ಅವರೇ.

ಇನ್ನು ದೇಹ. 2019ರ ಫೆಬ್ರವರಿ 20, ಡ್ಯೂಕ್‌ನ ಕ್ಯಾಮೆರಾನ್ ಕ್ರೀಡಾಂಗಣದಲ್ಲಿ ಯುಎನ್‌ಸಿ ವಿರುದ್ಧದ ಪಂದ್ಯ. ನಾನು ಟಿವಿಯ ಮುಂದಿದ್ದೆ. ಪ್ರೇಕ್ಷಕರ ನಡುವೆ ಬರಾಕ್ ಒಬಾಮಾ. ಆಟ ಶುರುವಾಗಿ ಅರ್ಧ ನಿಮಿಷ ದಾಟಿತ್ತಷ್ಟೇ. ಡ್ಯೂಕ್‌ನ ತಾರೆ ಝಯಾನ್ ವಿಲಿಯಮ್ಸನ್ ಚೆಂಡಿನೊಂದಿಗೆ ತಿರುಗಲು ಎಡಗಾಲನ್ನು ಒತ್ತಿ ಊರಿದ. ನೈಕಿ ಶೂ ಅಟ್ಟೆಯ ಬಳಿ ಸೀಳಿ, ಪಾದ ಪೂರ್ತಿಯಾಗಿ ಹೊರಬಂತು. ಅವನು ಮಂಡಿ ಹಿಡಿದುಕೊಂಡು ಕುಳಿತ. ಹರಿದ ಶೂ ಪಕ್ಕದಲ್ಲಿ ಬಿದ್ದಿತ್ತು. "ಅವನ ಶೂ ಹರಿದುಹೋಯಿತು" ಎಂದು ಒಬಾಮಾ ಬೆರಳು ತೋರಿಸುತ್ತಿದ್ದುದು ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಆ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ಯಾರು ಯಾರಿಗೆ ಹಣ ಬರುತ್ತಿತ್ತು ಎಂದು ಯೋಚಿಸಿ. ಕೋಚ್‌ಗೆ, ಟಿವಿ ಕಂಪನಿಗೆ, ಶೂ ಕಂಪನಿಗೆ, ವಿಶ್ವವಿದ್ಯಾಲಯಕ್ಕೆ. ನಿಯಮದ ಪ್ರಕಾರ ಬಾರದಿದ್ದುದು ನೆಲದ ಮೇಲೆ ಕುಳಿತವನಿಗೆ, ಅವನ ಜೊತೆಯ ಹುಡುಗರಿಗೆ.

ಎನ್‌ಬಿಎಯ ಹಳೆಯ ತಾರೆ ಸ್ಕಾಟಿ ಪಿಪ್ಪೆನ್ ಅದಕ್ಕೆ ಒಂದು ತಿಂಗಳ ಮೊದಲೇ, ಝಯಾನ್ ಇನ್ನು ಆಡುವುದನ್ನು ನಿಲ್ಲಿಸಿ ಡ್ರಾಫ್ಟ್‌ಗೆ ದೇಹ ಕಾಪಾಡಿಕೊಳ್ಳಲಿ ಎಂದಿದ್ದ. ಆಗ ಪಿಪ್ಪೆನ್‌ಗೆ ಬೈಗುಳದ ಸುರಿಮಳೆಯಾಗಿತ್ತು. ಝಯಾನ್ ಅವನ ಮಾತು ಕೇಳಲಿಲ್ಲ. ಗಾಯ ಸಣ್ಣದಾಗಿತ್ತು, ಮಾರ್ಚ್‌ನಲ್ಲಿ ಮರಳಿದ, ಸಿರಕ್ಯೂಸ್ ವಿರುದ್ಧ ಹೊಡೆದ ಹದಿಮೂರು ಹೊಡೆತಗಳಲ್ಲಿ ಹದಿಮೂರೂ ಬುಟ್ಟಿಗೆ ಬಿದ್ದವು. ಆಡಬೇಕೆಂಬ ಆಸೆ ಅವನದು, ಅದನ್ನು ನಾನು ಗೌರವಿಸುತ್ತೇನೆ. ಮುಂದಿನ ಕಥೆಯನ್ನೂ ನೋಡಿ. ಎನ್‌ಬಿಎಗೆ ಹೋದ ಮೇಲೆ ಪಾದದ ಮೂಳೆ ಮುರಿದು 2021-22ರ ಇಡೀ ಋತು ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ 2022ರ ಬೇಸಿಗೆಯಲ್ಲಿ, ಷರತ್ತುಗಳೊಂದಿಗೇ ಇರಲಿ, ಐದು ವರ್ಷಕ್ಕೆ 19 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದಕ್ಕೆ ಸಹಿ ಹಾಕಿದ. ಡ್ಯೂಕ್‌ನಲ್ಲಿ ನಾಲ್ಕು ವರ್ಷ ಉಳಿದು, ಅದೇ ಪಾದ ಅಲ್ಲಿ ಮುರಿದಿದ್ದರೆ ಅವನ ಕೈಯಲ್ಲಿ ಏನಿರುತ್ತಿತ್ತು ಎಂಬುದನ್ನು "ಡಿಗ್ರಿ ಮೊದಲು" ಎನ್ನುವವರು ಹೇಳಬೇಕು.

ಡಿಗ್ರಿ ಎಲ್ಲಿಗೂ ಹೋಗುವುದಿಲ್ಲ. ಇದನ್ನು ಹೇಳಿಕೊಟ್ಟದ್ದು ಡ್ಯೂಕ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿರುವ, ಯುಎನ್‌ಸಿಯ ಊರು ಚಾಪೆಲ್ ಹಿಲ್. ಮೈಕೆಲ್ ಜೋರ್ಡನ್ 1984ರಲ್ಲಿ ಮೂರೇ ವರ್ಷಕ್ಕೆ ಯುಎನ್‌ಸಿ ಬಿಟ್ಟು ಹೋದ. ತಾಯಿಗೆ ಇಷ್ಟವಿರಲಿಲ್ಲ. ಹೋಗು ಎಂದದ್ದು ಕೋಚ್ ಡೀನ್ ಸ್ಮಿತ್. ಸ್ಮಿತ್‌ರ ಪದ್ಧತಿ ಹೀಗಿತ್ತು: ತಮ್ಮ ಹುಡುಗ ಡ್ರಾಫ್ಟ್‌ನಲ್ಲಿ ಯಾವ ಸ್ಥಾನಕ್ಕೆ ಹೋಗಬಹುದೆಂದು ಎನ್‌ಬಿಎ ತಂಡಗಳಿಗೆ ತಾವೇ ಫೋನ್ ಮಾಡಿ ವಿಚಾರಿಸುತ್ತಿದ್ದರು. ಸ್ಥಾನ ಮೇಲಿದ್ದರೆ, ಹೋಗುವುದು ಒಳ್ಳೆಯದು ಎನ್ನುತ್ತಿದ್ದರು. 1982ರಲ್ಲಿ ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ಜೇಮ್ಸ್ ವರ್ದಿಯನ್ನೂ ಹೀಗೆಯೇ ಕಳಿಸಿದ್ದರು. ಪ್ರತಿ ಸಲವೂ ಮುಂದಿನ ವರ್ಷ ಸೋಲುವ ಅಪಾಯ ಅವರದೇ. ಜೋರ್ಡನ್ 1986ರಲ್ಲಿ ಭೂಗೋಳದ ಪದವಿ ಪೂರೈಸಿದ, ಆ ವೇಳೆಗೆ ಎನ್‌ಬಿಎಯಲ್ಲಿ ಎರಡು ಋತು ಆಡಿಯಾಗಿತ್ತು. ವಿನ್ಸ್ ಕಾರ್ಟರ್ ಕೂಡ ಮೂರು ವರ್ಷಕ್ಕೇ ಹೋದವನು. 2001ರ ಮೇ 20ರ ಬೆಳಿಗ್ಗೆ ಚಾಪೆಲ್ ಹಿಲ್‌ಗೆ ಬಂದು ಘಟಿಕೋತ್ಸವದಲ್ಲಿ ಕುಳಿತು, ಅದೇ ದಿನ ಫಿಲಡೆಲ್ಫಿಯಾಕ್ಕೆ ಹಾರಿ ಏಳನೆಯ ನಿರ್ಣಾಯಕ ಪಂದ್ಯ ಆಡಿದ. ಕೊನೆಯ ಹೊಡೆತ ತಪ್ಪಿತು, ಅವನ ತಂಡ ಟೊರಾಂಟೊ ಒಂದು ಅಂಕದಿಂದ ಸೋತಿತು. ಪದವಿ ಮುಗಿಸದೆ ಹೋದರೆ ಹಣದಾಸೆ, ಪದವಿ ಪಡೆಯಲು ಬಂದರೆ ಬೇಜವಾಬ್ದಾರಿ. ಬೈಯುವವರಿಗೆ ಎರಡೂ ಒಂದೇ.

ಹಾಗೆ ನೋಡಿದರೆ, ಬೇಗ ಹೋಗುವುದು ಒಂದು ಹಕ್ಕು ಎಂದು ಸ್ಥಾಪಿಸಲು ಒಬ್ಬ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸ್ಪೆನ್ಸರ್ ಹೇವುಡ್, ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೆಳೆದವನು. ಹೈಸ್ಕೂಲು ಮುಗಿದು ನಾಲ್ಕು ವರ್ಷವಾಗದೆ ಎನ್‌ಬಿಎ ಆಡುವಂತಿಲ್ಲ ಎಂಬ ಅಂದಿನ ನಿಯಮವನ್ನು ಪ್ರಶ್ನಿಸಿದ ಅವನ ಪರವಾಗಿ 1971ರಲ್ಲಿ ಸುಪ್ರೀಂ ಕೋರ್ಟ್ ನಿಂತಿತು. ಇಂದು ಕೋಟಿ ಎಣಿಸುವ ಎಷ್ಟು ಹುಡುಗರಿಗೆ ಅವನ ಹೆಸರು ಗೊತ್ತೋ.

ಇಷ್ಟಾದರೂ ಎಲ್ಲರೂ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಹೆಸರು ಮೊದಲ ಹದಿನೈದರೊಳಗೆ ಬರುವುದು ಖಚಿತವಾಗಿದ್ದರೆ ಉಳಿಯುವುದೇ ಜೂಜು. ಮೊದಲ ಸುತ್ತು ಮುಗಿಯುವ ಮೂವತ್ತನೆಯ ಕ್ರಮಾಂಕದ ಆಚೀಚೆ ಇರುವವನ ಲೆಕ್ಕ ಬೇರೆ. ಎರಡನೆಯ ಸುತ್ತಿನವನಿಗೆ ಖಾತರಿ ಸಂಬಳದ ನಿಯಮವೇ ಇಲ್ಲ. ಕೆಳಗಿನ ಜಿ ಲೀಗ್‌ನಲ್ಲಿ ಋತುವಿಗೆ 45 ಸಾವಿರ ಡಾಲರ್ ಆಸುಪಾಸು, ಇಲ್ಲಿನ ಕಿರಿಯ ಸಾಫ್ಟ್‌ವೇರ್ ಎಂಜಿನಿಯರನಿಗೂ ಅದಕ್ಕಿಂತ ಹೆಚ್ಚು ಸಿಗುತ್ತದೆ. ಸಿಮ್ ಭುಲ್ಲರ್ ನೆನಪಿದ್ದಾನೆಯೇ? ಪಂಜಾಬಿ ಮೂಲದ, ಟೊರಾಂಟೊದ, ಏಳು ಅಡಿ ಐದು ಅಂಗುಲದ ಹುಡುಗ. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡೇ ವರ್ಷ ಆಡಿ 2014ರ ಡ್ರಾಫ್ಟ್‌ಗೆ ಹೆಸರು ಕೊಟ್ಟ. ಯಾರೂ ಆರಿಸಲಿಲ್ಲ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ತಂಡ ಹತ್ತು ದಿನಗಳ ಒಪ್ಪಂದ ಕೊಟ್ಟಾಗ ಎನ್‌ಬಿಎ ಆಡಿದ ಮೊದಲ ಭಾರತೀಯ ಮೂಲದವನೆಂದು ನಾವೆಲ್ಲ ಕುಣಿದಾಡಿದೆವು. ಮೂರು ಪಂದ್ಯ, ಅಷ್ಟೇ. ಮುಂದೆ ತೈವಾನ್‌ನಲ್ಲಿ ಆಡಿದ.

ಅವನ ಕಾಲದಲ್ಲಿ ಉಳಿದಿದ್ದರೂ ಸಿಗುತ್ತಿದ್ದುದು ಶುಲ್ಕ, ಊಟ, ಕೋಣೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ಹಣ ಗಳಿಸಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ತಮ್ಮ ಕ್ರೀಡಾಪಟುಗಳಿಗೆ ಹಣ ಹಂಚಬಹುದಾಯಿತು, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಪರಿಣಾಮ ಎದುರಿಗೇ ಇದೆ. 2021ರಲ್ಲಿ 350ಕ್ಕೂ ಹೆಚ್ಚು ಮಂದಿ ಅವಧಿಗೆ ಮುನ್ನ ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದರು, 2025ರಲ್ಲಿ 106. ಯಾಕ್ಸೆಲ್ ಲೆಂಡೆಬೋರ್ಗ್ ಎಂಬಾತ ಮೊದಲ ಸುತ್ತಿನ ಕೊನೆಯಲ್ಲಿ ಆಯ್ಕೆಯಾಗಬಹುದೆಂಬ ಅಂದಾಜಿದ್ದರೂ ಹೆಸರು ಹಿಂತೆಗೆದುಕೊಂಡು ಮಿಷಿಗನ್ ಸೇರಿದ. ಹೆಣ್ಣುಮಕ್ಕಳಲ್ಲಂತೂ ಲೆಕ್ಕ ತಲೆಕೆಳಗಾಗಿತ್ತು. ಅಯೋವಾದಲ್ಲಿ ಇನ್ನೊಂದು ವರ್ಷ ಆಡುವ ಅವಕಾಶವಿದ್ದರೂ 2024ರಲ್ಲಿ ವೃತ್ತಿಪರಳಾದ ಕೇಟ್ಲಿನ್ ಕ್ಲಾರ್ಕ್‌ಗೆ ಮೊದಲ ವರ್ಷ ಮಹಿಳೆಯರ ವೃತ್ತಿಪರ ಲೀಗ್ ಕೊಟ್ಟ ಸಂಬಳ 76,535 ಡಾಲರ್. ಅವಳ ಆಟ ನೋಡಲು ಬಂದವರ ಪಾರ್ಕಿಂಗ್ ಶುಲ್ಕವೇ ಅದಕ್ಕಿಂತ ಹೆಚ್ಚು ಬಂದಿರಬೇಕು.

ಇದು ಒಳ್ಳೆಯ ಬದಲಾವಣೆ. ಅಂಚಿನಲ್ಲಿರುವ ಹುಡುಗ ಈಗ ಉಳಿಯಲಿ ಎಂದೇ ನಾನೂ ಹೇಳುತ್ತೇನೆ. ಆದರೆ ಒಂದು ಅನುಮಾನ ಕಾಡುತ್ತದೆ. ಹಿಂದೆ "ಹೋಗು" ಎಂದು ಕಿವಿಯೂದುವ ಏಜೆಂಟರ ಮೇಲೆ ಎಲ್ಲರಿಗೂ ಕಣ್ಣಿತ್ತು. ಈಗ "ಉಳಿ" ಎನ್ನುವ ಏಜೆಂಟನಿಗೂ ಕಮಿಷನ್ ಇದೆ, ಕೋಚ್‌ಗಂತೂ ತಂಡ ಉಳಿಯುತ್ತದೆ. ಇಪ್ಪತ್ಮೂರು ತುಂಬಿದವನನ್ನು ಎನ್‌ಬಿಎ ತಂಡಗಳು ಆಗಲೇ ಮುದುಕನೆಂಬಂತೆ ನೋಡುತ್ತವೆ ಎಂಬುದನ್ನು ಆ ಹುಡುಗನಿಗೆ ಯಾರು ಹೇಳುತ್ತಾರೆ? ಸ್ಮಿತ್‌ರಂತೆ ತಮಗೇ ನಷ್ಟವಾಗುವ ಸಲಹೆಯನ್ನು ಫೋನ್ ಮಾಡಿ ವಿಚಾರಿಸಿ ಕೊಡುವ ಕೋಚ್‌ಗಳು ಈಗ ಎಷ್ಟಿದ್ದಾರೆ?

ಫ್ಲ್ಯಾಗ್‌ಗೆ ಸ್ವತಃ ಡ್ಯೂಕ್‌ಗೆ ಮರಳುವ ಆಸೆ ಇತ್ತು, ಋತುವಿನ ನಡುವೆ ಬಾಯಿಬಿಟ್ಟು ಹೇಳಿಯೂ ಇದ್ದ. ಏಪ್ರಿಲ್ 5ರಂದು ಹ್ಯೂಸ್ಟನ್ ವಿರುದ್ಧದ ಸೆಮಿಫೈನಲ್‌ನಲ್ಲಿ, ಮೂವತ್ತೈದು ಸೆಕೆಂಡ್ ಉಳಿದಾಗ ಆರು ಅಂಕ ಮುಂದಿದ್ದ ತಂಡ ಸೋತು, ಅವನ ಕೊನೆಯ ಹೊಡೆತ ಬುಟ್ಟಿಗೆ ತುಸು ಮುಂಚೆಯೇ ಕುಸಿದ ಮೇಲೆ, ಆ ಆಸೆ ಇನ್ನೂ ಹೆಚ್ಚಾಗಿದ್ದಿರಬಹುದು. ಆದರೂ ಹೋದ. ಜೂನ್‌ನಲ್ಲಿ ಡಲ್ಲಾಸ್ ಅವನನ್ನು ಮೊದಲನೆಯವನಾಗಿ ಆರಿಸಿಕೊಂಡಿತು. ತನ್ನ ತಾರೆ ಲೂಕಾ ಡೊನ್ಚಿಚ್‌ನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಊರೆಲ್ಲ ಉಗಿಸಿಕೊಂಡಿದ್ದ ತಂಡಕ್ಕೆ, ಮೊದಲ ಆಯ್ಕೆಗಾಗಿ ಎತ್ತುವ ಲಾಟರಿಯಲ್ಲಿ ಶೇಕಡಾ 1.8ರ ಅದೃಷ್ಟದಲ್ಲಿ ಇವನು ಸಿಕ್ಕಿದ್ದು ಯಾವ ನ್ಯಾಯವೋ ಗೊತ್ತಿಲ್ಲ.

ಅವನು ಇನ್ನೊಂದು ವರ್ಷ ಇಲ್ಲೇ ಇದ್ದಿದ್ದರೆ ನನಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಇನ್ನೊಂದು ಚಳಿಗಾಲದ ಮನರಂಜನೆ ಸಿಗುತ್ತಿತ್ತು, ಖರ್ಚು ಅವನದು. ನಮ್ಮ ಗುಂಪಿನಲ್ಲಿ ಅಂದು ಮರುಗಿದವರಲ್ಲಿ ಎಷ್ಟು ಜನರ ಸಂಕಟ ಅವನ ಡಿಗ್ರಿಯದು, ಎಷ್ಟು ಜನರದು ಡ್ಯೂಕ್ ಸೋಲುತ್ತದಲ್ಲ ಎಂಬುದು? ಕಾಮೆಂಟಿನಲ್ಲಿ ಬೈಯುವ ಮುನ್ನ ಇದಕ್ಕೊಂದು ಉತ್ತರ ಬರೆಯಿರಿ. ಯುಎನ್‌ಸಿ ಅಭಿಮಾನಿಗಳು ದಯವಿಟ್ಟು ಈ ಚರ್ಚೆಯಿಂದ ದೂರವಿರಬೇಕು, ನೀವು ಅಂದು ಸಿಹಿ ಹಂಚಿದ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ.